ಕುಲಮದದ ಹೊಸ ಮುಖ: ಅಡ್ಡಹೆಸರು ಮತ್ತು ಡಿ.ಎನ್.ಎ. ಪರೀಕ್ಷೆ

ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯಲ್ಲಿಯೇ ಬಾಳುವವನಿಗೆ ‘ಸಿರಿಗೇರಿ’ ಎಂಬ ಅಡ್ಡಹೆಸರಿನ ಅಗತ್ಯವಿಲ್ಲ. ಆತ ಊರು ಬಿಟ್ಟು ಬಳ್ಳಾರಿಯಲ್ಲೋ ಹುಬ್ಬಳ್ಳಿಯಲ್ಲೋ ಅಂಗಡಿ ತೆರೆದಾಗ ಜನರು ಆತನನ್ನು ಸಿರಿಗೇರಿಯವರೆಂದು ಗುರುತಿಸುತ್ತಾರೆ. ಮಕ್ಕಳ ಶಾಲಾ ದಾಖಲೆಯಲ್ಲಿ ಅದೇ ಮನೆತನದ ಹೆಸರಾಗಿ ನಿಲ್ಲುತ್ತದೆ. ಅದೇ ಊರಿನಿಂದ ಹೊರಟ ಜೈನನಿಗೂ ಲಿಂಗಾಯತನಿಗೂ ಮುಸಲ್ಮಾನನಿಗೂ ಆ ಹೆಸರು ಸಮಾನವಾಗಿ ಸಲ್ಲುತ್ತದೆ. ಪಾಟೀಲ, ದೇಸಾಯಿ ಎಂಬವು ಅಧಿಕಾರವನ್ನೂ ಶೆಟ್ಟಿ ಎಂಬುದು ವಾಣಿಜ್ಯವನ್ನೂ ಸೂಚಿಸಿದವು. ಕನ್ನಡ ನಾಡಿನ ಅಡ್ಡಹೆಸರು ಬಹುಮಟ್ಟಿಗೆ ಊರಿನ, ಉದ್ಯೋಗದ ನೆನಪೇ ಹೊರತು ರಕ್ತದ ದಾಖಲೆಯಲ್ಲ. ಆದುದರಿಂದ, ಲಾಲಾರಸದ ಒಂದು ಮಾದರಿಯನ್ನು ಅಂಚೆಯಲ್ಲಿ ಕಳುಹಿಸಿದರೆ ಮನೆತನದ ಮೂಲ ತಿಳಿಯುವುದೆಂಬ ನಂಬಿಕೆಯನ್ನು ವಿಮರ್ಶಿಸಿ ನೋಡುವುದು ಉಚಿತ.

ಈ ವಿಧಾನದ ಹುಟ್ಟು ಇಂಗ್ಲೆಂಡಿನದು. ಆಕ್ಸ್‌ಫರ್ಡಿನ ವಿಜ್ಞಾನಿ ಬ್ರಯನ್ ಸೈಕ್ಸ್ 2000ದಲ್ಲಿ ತಮ್ಮದೇ ಅಡ್ಡಹೆಸರಿನ ಪುರುಷರನ್ನು ಪರೀಕ್ಷಿಸಿದಾಗ, ಅರ್ಧಕ್ಕೆ ಸಮೀಪದಷ್ಟು ಜನರಲ್ಲಿ ಒಂದೇ ಬಗೆಯ ವೈ ವರ್ಣತಂತು ಕಂಡುಬಂದಿತು. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಸಾಗುತ್ತದೆ. ಆ ದೇಶದ ಅಡ್ಡಹೆಸರೂ ಶತಮಾನಗಳಿಂದ ಹಾಗೆಯೇ ಸಾಗಿಬಂದಿದೆ. ಆದುದರಿಂದ ಅಲ್ಲಿ ಎರಡಕ್ಕೂ ಒಂದು ಹೊಂದಿಕೆಯುಂಟು. ತುಳುನಾಡಿನ ಜೈನ ಮನೆತನಗಳಲ್ಲಿಯಾದರೋ ಅಳಿಯಸಂತಾನ ಪದ್ಧತಿಯಂತೆ ವಂಶವು ತಾಯಿಯ ಕಡೆಯಿಂದ ಹರಿದುಬಂದಿತು. ಅಲ್ಲಿ ಮನೆತನದ ಹೆಸರಿನ ಮೂಲವನ್ನು ವೈ ವರ್ಣತಂತುವಿನಲ್ಲಿ ಹುಡುಕುವುದು ಬೇರೊಬ್ಬರ ಮನೆಯ ಬಾಗಿಲನ್ನು ತಟ್ಟಿದಂತೆ.

ಲೆಕ್ಕದ ಮಾತೊಂದನ್ನೂ ಗಮನಿಸಬೇಕು. ಹತ್ತು ತಲೆಮಾರು ಹಿಂದೆ ಹೋದರೆ ಪ್ರತಿಯೊಬ್ಬನಿಗೂ ಪೂರ್ವಜರ 1,024 ಸ್ಥಾನಗಳಿರುತ್ತವೆ. ತಂದೆಯ ಸಾಲಿನ ಪರೀಕ್ಷೆ ಅವರಲ್ಲಿ ಒಬ್ಬನನ್ನು ಮಾತ್ರ ತೋರಿಸುತ್ತದೆ. ಉಳಿದ 1,023 ಮಂದಿಯ ವಿಷಯದಲ್ಲಿ ಮೌನವಾಗಿರುತ್ತದೆ. ಇಂತಹ ಒಂದು ಎಳೆಯನ್ನು ಇಡೀ ವಂಶವೆಂದು ಕರೆಯುವುದು ಏಕಾಂತವಾದವೇ ಸರಿ. ಅನೇಕಾಂತವನ್ನು ನಂಬಿದವರು ಅದನ್ನು ಒಪ್ಪಲಾರರು.

ವಂಶವನ್ನು ಪೂರ್ವಿಕರು ಹೇಗೆ ಕಂಡರೆಂಬುದಕ್ಕೆ ಬಳ್ಳಾರಿ ಸೀಮೆಯಲ್ಲಿಯೇ ಸಾಕ್ಷ್ಯವಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಪ್ರತ್ಯೇಕವಾಗುವವರೆಗೆ ಬಳ್ಳಾರಿಗೆ ಸೇರಿದ್ದ ಹಂಪೆಯಲ್ಲಿ, ಇರುಗಪ್ಪ ದಂಡನಾಯಕನು 1385ರ ಸುಮಾರಿಗೆ ಕುಂಥುನಾಥ ತೀರ್ಥಂಕರರ ಬಸದಿಯನ್ನು ಕಟ್ಟಿಸಿದನು. ಅದರ ಮುಂದಿನ ಕಂಬದ ಶಾಸನದಲ್ಲಿ ಎರಡು ವಂಶಾವಳಿಗಳಿವೆ. ಮೊದಲನೆಯದು ಮೂಲಸಂಘದ ಆಚಾರ್ಯರ ಗುರುಪರಂಪರೆ. ಬುಕ್ಕ, ಹರಿಹರರ ರಾಜವಂಶವೂ ಇರುಗಪ್ಪನ ತಂದೆಯ ಹೆಸರೂ ಬರುವುದು ಅನಂತರ. ರಕ್ತದ ಸಂಬಂಧವಿಲ್ಲದ ಪರಂಪರೆಗೆ ಅಲ್ಲಿ ಮೊದಲ ಸ್ಥಾನ. ಇಂದು ಆ ಬಸದಿಗೆ ಜನರ ಬಾಯಲ್ಲಿ ಉಳಿದಿರುವ ಹೆಸರು ‘ಗಾಣಗಿತ್ತಿ ಬಸದಿ’. ಕಟ್ಟಿಸಿದವನು ದಂಡನಾಯಕ, ಹೆಸರು ಗಾಣದವಳದು! ಹೆಸರಿಗೂ ಮೂಲಕ್ಕೂ ಇರುವ ಅಂತರವನ್ನು ಕಲ್ಲೇ ಸಾರುತ್ತಿದೆ.

ಆದಿಕವಿ ಪಂಪನ ಮನೆತನವೂ ಇದನ್ನೇ ಹೇಳುತ್ತದೆ. ಅವನ ಪೂರ್ವಜ ಮಾಧವ ಸೋಮಯಾಜಿ ಯಜ್ಞ ಮಾಡಿದ ವೈದಿಕ. ತಂದೆ ಅಭಿರಾಮದೇವರಾಯ ಜಿನಧರ್ಮವನ್ನು ಸ್ವೀಕರಿಸಿದವನು. ಪಂಪನ ಡಿ.ಎನ್.ಎ. ದೊರೆತರೆ ಸೋಮಯಾಜಿಯ ಸಾಲು ಕಂಡೀತು. ‘ಆದಿಪುರಾಣ’ವನ್ನು ಬರೆಯಿಸಿದ ಶ್ರದ್ಧೆ ಕಾಣದು.

ಧರ್ಮದೃಷ್ಟಿಯಿಂದ ಪ್ರಶ್ನೆ ಇನ್ನೂ ಗಂಭೀರವಾಗುತ್ತದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳೂ ಸೇರಿವೆ. ಕುಲವೆಂದರೆ ತಂದೆಯ ಪರಂಪರೆ, ಜಾತಿಯೆಂದರೆ ತಾಯಿಯ ಪರಂಪರೆ ಎಂದು ಅರ್ಥ ಹೇಳುವುದುಂಟು. ವಿಸ್ಮಯವೆಂದರೆ, ವೈ ವರ್ಣತಂತುವಿನ ಪರೀಕ್ಷೆ ಮೊದಲನೆಯದನ್ನೂ ತಾಯಿಯಿಂದ ಬರುವ ಮೈಟೋಕಾಂಡ್ರಿಯದ ಪರೀಕ್ಷೆ ಎರಡನೆಯದನ್ನೂ ಅರಸುತ್ತವೆ. ಅರಿವಿಗಾಗಿ ಅರಸುವುದು ದೋಷವಲ್ಲ. ಹೆಮ್ಮೆಗಾಗಿ ಅರಸಿದರೆ ಹಳೆಯ ಮದಕ್ಕೆ ಹೊಸ ಯಂತ್ರ ದೊರೆತಂತೆ. ಶುದ್ಧಕುಲದ ಭ್ರಮೆಗೆ ವಿಜ್ಞಾನದ ಆಧಾರವೂ ಇಲ್ಲ. ಹೈದರಾಬಾದಿನ ವಿಜ್ಞಾನಿಗಳಾದ ಲಾಲ್‌ಜಿ ಸಿಂಗ್, ತಂಗರಾಜ್ ಮೊದಲಾದವರು ಪಾಲ್ಗೊಂಡ 2009 ಮತ್ತು 2013ರ ಸಂಶೋಧನೆಗಳು, ಭಾರತದ ಬಹುತೇಕ ಎಲ್ಲ ಸಮುದಾಯಗಳೂ ಪ್ರಾಚೀನ ಜನಸಮೂಹಗಳ ಮಿಶ್ರಣವೆಂದು ತೋರಿಸಿವೆ.

ಎರಡನೆಯ ಆಕ್ಷೇಪ ಅಚೌರ್ಯಕ್ಕೆ ಸಂಬಂಧಿಸಿದುದು. ಒಬ್ಬನ ಡಿ.ಎನ್.ಎ.ಯಲ್ಲಿ ಅವನ ಸೋದರರ, ಮಕ್ಕಳ, ಇನ್ನೂ ಹುಟ್ಟದ ಮೊಮ್ಮಕ್ಕಳ ಪಾಲೂ ಇದೆ. ಅವರನ್ನು ಕೇಳದೆ ಅದನ್ನು ಪರರ ವಶಕ್ಕೊಪ್ಪಿಸುವುದು ಅದತ್ತಾದಾನದ ನೆರಳಿಗೆ ಬರುವುದಿಲ್ಲವೇ? ಇಂತಹ ಪರೀಕ್ಷೆಗೆ ಪ್ರಸಿದ್ಧವಾದ ಅಮೆರಿಕದ ಟ್ವೆಂಟಿತ್ರೀ ಆ್ಯಂಡ್ ಮಿ ಸಂಸ್ಥೆಯಿಂದ 2023ರಲ್ಲಿ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಕಳುವಾಯಿತು. 2025ರ ಮಾರ್ಚಿನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು.

ಎಲ್ಲಕ್ಕಿಂತ ಹೆಚ್ಚಿನ ಹಿಂಸೆ ಮನೆಯೊಳಗೆ ನಡೆಯಬಹುದು. ಜೈನ ವಿಧವೆ ಪತಿಯ ಅನುಮತಿಯಿಲ್ಲದೆಯೂ ದತ್ತು ಪಡೆಯಬಹುದೆಂಬ ರೂಢಿಯನ್ನು ಉತ್ತರ ಭಾರತದ ಮೊಕದ್ದಮೆಯೊಂದರಲ್ಲಿ ಪ್ರಿವಿ ಕೌನ್ಸಿಲ್ 1878ರಲ್ಲೇ ಮನ್ನಿಸಿತ್ತು. ಹೀಗೆ ಮಡಿಲಿಗೆ ಬಂದ ಮಗ ಅಂಗಡಿ ನಡೆಸಿದ್ದಾನೆ, ತಾಯಿಯ ಸಲ್ಲೇಖನದ ವೇಳೆ ಪಕ್ಕದಲ್ಲಿ ಕುಳಿತಿದ್ದಾನೆ, ಬಸದಿಯ ಜೀರ್ಣೋದ್ಧಾರಕ್ಕೆ ದಾನವಿತ್ತಿದ್ದಾನೆ. ಆತನ ಮೊಮ್ಮಗನಿಗೆ ‘ನೀನು ಈ ವಂಶದವನಲ್ಲ’ ಎಂದು ಒಂದು ಕಾಗದ ಹೇಳಿದರೆ, ಆ ಮಾತು ಸತ್ಯವೆಂದು ತೋರಿದರೂ ಅಸತ್ಯವೇ. ವಂಶವೆಂಬ ಮಾತಿನ ಅರ್ಥವನ್ನೇ ಅದು ಕುಗ್ಗಿಸಿದೆ.

ಹಾಗೆಂದು ಈ ವಿದ್ಯೆಯನ್ನೇ ತಳ್ಳಿಹಾಕುವುದು ಅವಿವೇಕ. ಒಳಬಳಗದಲ್ಲಿಯೇ ವಿವಾಹವಾಗುವ ಸಮುದಾಯಗಳಲ್ಲಿ ಕೆಲವು ಆನುವಂಶಿಕ ದೋಷಗಳು ಹೆಚ್ಚುತ್ತವೆ. ಆಂಧ್ರದ ವೈಶ್ಯರಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಗೊಳಿಸಲು ಕೊಡುವ ಔಷಧಿ ಅಪಾಯಕರವಾಗಬಲ್ಲ ಒಂದು ಕಿಣ್ವದ ಕೊರತೆ ಕಂಡುಬಂದಿದೆ. ವೈದ್ಯರ ಸಲಹೆಯಂತೆ ಅಂತಹುದನ್ನು ಮೊದಲೇ ಅರಿಯುವುದು ಜೀವರಕ್ಷಣೆ, ಅದು ಅಹಿಂಸೆಯೇ.

ಆದುದರಿಂದ ಧರ್ಮದರ್ಶಿ ಮಂಡಳಿಗಳು ಪೂಜಾಧಿಕಾರ, ಸದಸ್ಯತ್ವಗಳ ನಿರ್ಣಯಕ್ಕೆ ಇಂತಹ ವರದಿಗಳನ್ನು ಎಂದಿಗೂ ಆಧಾರವಾಗಿ ಸ್ವೀಕರಿಸಬಾರದು. ಮೂಲವನ್ನು ತಿಳಿಯುವ ಹಂಬಲವುಳ್ಳ ಕುಟುಂಬಗಳು ಹಿರಿಯರು ಬದುಕಿರುವಾಗಲೇ ಅವರ ನೆನಪುಗಳನ್ನು ಬರೆದಿಡಲಿ: ಯಾವ ಊರಿನಿಂದ ಬಂದರು, ಯಾವ ಬಸದಿಗೆ ನಡೆದುಕೊಂಡರು, ಯಾರು ದತ್ತಾಗಿ ಬಂದರು, ಯಾವ ಹೆಣ್ಣುಮಕ್ಕಳು ಮನೆಯನ್ನು ನಿಲ್ಲಿಸಿದರು. ಆ ಪುಸ್ತಕದ ಒಂದು ಪ್ರತಿ ಬಸದಿಯ ಭಂಡಾರದಲ್ಲಿರಲಿ. ಸಿರಿಗೇರಿ ಎಂಬ ಹೆಸರಿಗೆ ಅರ್ಥ ದೊರೆಯುವುದು ಅಲ್ಲಿ.