ಗೆರೆಯ ನಿಷ್ಠೆ, ಶೀರ್ಷಿಕೆಯ ಆತುರ: ಸುರಪುರದ ಮೆಡೋಸ್ ಟೇಲರ್

ಲಿಯೊನಾರ್ಡೊ ಡ ವಿಂಚಿಯ ಬಗ್ಗೆ ನಾವು ಓದುವ ಬರಹಗಳು ಹೆಚ್ಚಾಗಿ ಅವನ ಕುತೂಹಲವನ್ನು ಹೊಗಳಿ ಮುಗಿಯುತ್ತವೆ. ಹೆಣ ಕೊಯ್ದ, ಹಕ್ಕಿಯ ಹಾರಾಟ ಗಮನಿಸಿದ, ನೀರಿನ ಸುಳಿ ಬರೆದ. ಕುತೂಹಲ ತನ್ನಷ್ಟಕ್ಕೇ ಒಳ್ಳೆಯದೆಂದು ಒಪ್ಪಿಬಿಟ್ಟರೆ ವಿಮರ್ಶೆಗೆ ಅಲ್ಲಿ ಕೆಲಸವಿಲ್ಲ. ಹೃದಯದ ಕವಾಟದ ಬಳಿ ರಕ್ತ ಸುಳಿಯಾಗಿ ತಿರುಗುತ್ತದೆ ಎಂದು ಕಂಡುಕೊಂಡ ಲಿಯೊನಾರ್ಡೊನೇ ಹೃದಯದ ನಡುಗೋಡೆಯಲ್ಲಿ ಇಲ್ಲದ ರಂಧ್ರಗಳನ್ನೂ ಬರೆದಿದ್ದಾನೆ. ಗ್ಯಾಲೆನ್‌ನ ವೈದ್ಯಶಾಸ್ತ್ರ ಅವು ಇವೆ ಎಂದಿತ್ತು. ಕಣ್ಣು ಕಂಡದ್ದಕ್ಕೂ ಪುಸ್ತಕ ಹೇಳಿದ್ದಕ್ಕೂ ನಡುವಿನ ಈ ಜಗ್ಗಾಟ ನನಗೆ ಅವನ ಪ್ರತಿಭೆಗಿಂತ ಮುಖ್ಯವಾಗಿ ಕಾಣುತ್ತದೆ.

ಇಂಥದೇ ಜಗ್ಗಾಟವನ್ನು ನಮ್ಮ ಸೀಮೆಯಲ್ಲೂ ನೋಡಬಹುದು. ದೇವದುರ್ಗದ ಕಡೆಯಿಂದ ತಿಂಥಣಿ ಸೇತುವೆಯ ಮೇಲೆ ಕೃಷ್ಣೆ ದಾಟಿದರೆ ಸುರಪುರ ಸೀಮೆ. 1841ರಿಂದ 1853ರವರೆಗೆ ಅಲ್ಲಿ ಆಡಳಿತ ನೋಡಿಕೊಂಡವನು ಮೆಡೋಸ್ ಟೇಲರ್. ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹುಡುಗನಾಗಿ ಮುಂಬೈಗೆ ಬಂದು, ಕಾಲೇಜಿನ ಮುಖ ಕಾಣದೆ ಭಾಷೆ, ಕಾನೂನು, ಭೂಮಾಪನ ಎಲ್ಲವನ್ನೂ ಕೆಲಸದ ನಡುವೆಯೇ ಕಲಿತವನು. ಕೆರೆಗಳ ಕೆಲಸ ಮಾಡಿಸಿದ, ಕಾದಂಬರಿ ಬರೆದ, ದಖ್ಖನಿನ ದೃಶ್ಯಗಳನ್ನು ಚಿತ್ರಿಸಿದ. ಹುದ್ದೆಯ ಕೆಲಸ ಮುಗಿಸಿ ಸುಮ್ಮನೆ ಕೂರುವ ಜಾಯಮಾನ ಅವನದಲ್ಲ.

ಅವನು ಜೇವರ್ಗಿಯ ಬಳಿ ಪ್ರಾಚೀನರ ಕಲ್ಲುಗುಪ್ಪೆಯ ಸಮಾಧಿಗಳನ್ನು ಅಗೆಸಿದ. ರಾಜನಕೋಳೂರಿನ ಕಲ್ಮನೆಗಳನ್ನು, ವಿಭೂತಿಹಳ್ಳಿಯ ಸಾಲುಕಲ್ಲುಗಳನ್ನು ದಾಖಲಿಸಿದ. ಅಗೆದದ್ದು ದೊಡ್ಡ ಮಾತಲ್ಲ, ನಿಧಿಯಾಸೆಗೆ ಅಗೆದವರು ಎಲ್ಲ ಕಾಲದಲ್ಲೂ ಇದ್ದಾರೆ. ಟೇಲರ್ ಸಮಾಧಿಯ ಸೀಳುನೋಟವನ್ನು ಬರೆದ. ಮೇಲೆ ಕಲ್ಲಿನ ರಾಶಿ, ಕೆಳಗೆ ಮಣ್ಣು, ಅದರಡಿ ಎಲುಬು, ಮಡಕೆ: ಯಾವುದು ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತೋ ಅಲ್ಲೇ ಅದರ ಗೆರೆ. ಪುರಾತತ್ತ್ವವಿನ್ನೂ ಶಿಸ್ತಾಗಿ ರೂಪುಗೊಳ್ಳದ ಕಾಲ ಅದು. ಸುಮಾರು ನೂರು ವರ್ಷಗಳ ನಂತರ ಮಾರ್ಟಿಮರ್ ವೀಲರ್ ಈ ಚಿತ್ರಗಳನ್ನು ಮೆಚ್ಚಿ ನೆನೆದದ್ದು ಇದೇ ಕಾರಣಕ್ಕೆ. ಆ ಗೆರೆಗಳಲ್ಲಿ ಟೇಲರನ ಅಭಿಪ್ರಾಯವಿಲ್ಲ, ಅವನು ಕಂಡದ್ದಷ್ಟೇ ಇದೆ.

ಆದರೆ ಐರ್ಲೆಂಡಿನ ರಾಯಲ್ ಅಕಾಡೆಮಿಗೆ ಇದೆಲ್ಲವನ್ನು ಪ್ರಬಂಧವಾಗಿ ಒಪ್ಪಿಸುವಾಗ ಇವೇ ಸಮಾಧಿಗಳು ಕೆಲ್ಟಿಕ್, ಡ್ರೂಯಿಡರ ಅಥವಾ ಸಿಥಿಯನ್ ಸ್ಮಾರಕಗಳಾದವು. ಬ್ರಿಟನ್ನಿನ ಕಲ್ಲುಗಳಿಗೂ ಇವಕ್ಕೂ ಹೋಲಿಕೆ ಕಂಡದ್ದೇ ತಡ, ಇಲ್ಲಿ ಹೂತವರು ಹೊರಗಿನವರಾಗಿಬಿಟ್ಟರು. ಮೂರು ಗೇಣಿನ ಕುಳ್ಳರಾದ ಮೋರೇರು ಈ ಕಲ್ಮನೆಗಳನ್ನು ಕಟ್ಟಿದರು ಎಂಬ ನಮ್ಮ ಜನರ ಕಥೆಯೂ ಊಹೆಯೇ. ಅದರಲ್ಲಿ ಕಟ್ಟಿದವರು ಕಡೆಪಕ್ಷ ಇಲ್ಲಿಯವರು. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ನಡೆಸಿದಾಗ ಬೃಹತ್‌ಶಿಲಾ ಕಾಲದ ಸಮಾಧಿಗಳು ಜನ ಬಾಳಿ ಬದುಕಿದ ನೆಲೆಯಲ್ಲೇ ಸಿಕ್ಕವು. ಲಿಯೊನಾರ್ಡೊನ ಗೆರೆಯೇ ಒಮ್ಮೊಮ್ಮೆ ಪುಸ್ತಕಕ್ಕೆ ಮಣಿದಿತ್ತು. ಟೇಲರನಲ್ಲಿ ಗೆರೆ ಮಣಿಯಲಿಲ್ಲ, ಶೀರ್ಷಿಕೆ ಮಣಿಯಿತು. ಹಾಗಾಗಿಯೇ ಅವನ ಚಿತ್ರ ಇಂದಿಗೂ ಉಪಯೋಗಕ್ಕೆ ಬರುತ್ತದೆ, ತೀರ್ಮಾನ ಬರುವುದಿಲ್ಲ. (ಸಂಶೋಧನೆಗೆ ನೋಂದಾಯಿಸುವ ದಿನವೇ ಶೀರ್ಷಿಕೆ ಕೊಡಬೇಕಾದ ನಮಗೆ ಇದು ಸ್ವಲ್ಪ ಚುಚ್ಚುವ ವಿಷಯ.)

ಸತ್ತವರ ಮುಂದೆ ಇಷ್ಟು ತಾಳ್ಮೆಯಿದ್ದವನು ಬದುಕಿರುವವರ ಮುಂದೆ ಹೇಗಿದ್ದ? 1839ರ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯಲ್ಲಿ ಅಮೀರ್ ಅಲಿ ತನ್ನ ಕೊಲೆಗಳನ್ನೆಲ್ಲ ಸಾಹೇಬನ ಮುಂದೆ ಬಿಚ್ಚಿಡುತ್ತಾನೆ. ಸಾಹೇಬ ಕೇಳುತ್ತಾನೆ, ಕೈದಿ ಹೇಳುತ್ತಾನೆ. ಕಾದಂಬರಿ ನಿಂತಿರುವುದೇ ಈ ನಂಬಿಕೆಯ ಮೇಲೆ. 1858ರಲ್ಲಿ ಅದೇ ದೃಶ್ಯ ನಿಜವಾಗಿ ನಡೆಯಿತು. ಬಾಲ್ಯದಿಂದ ಟೇಲರನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ ಸುರಪುರದ ತರುಣ ದೊರೆ ವೆಂಕಟಪ್ಪನಾಯಕ ದಂಗೆಯೆದ್ದು ಸೆರೆಸಿಕ್ಕಿದ್ದ. ಟೇಲರ್ ಸೆರೆಮನೆಗೆ ಹೋಗಿ ಮಾತಾಡಿಸಿದ. ಜೊತೆಗಾರರ ಹೆಸರು ಹೇಳಲು ನಾಯಕ ಒಪ್ಪಲಿಲ್ಲ. ಶಿಕ್ಷೆಗಾಗಿ ಚೆಂಗಲ್ಪಟ್ಟಿಗೆ ಕರೆದೊಯ್ಯುವಾಗ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ಸತ್ತ.

ಟೇಲರ್ ಸತ್ತ ಮರುವರ್ಷ, 1877ರಲ್ಲಿ, ಮಗಳು ಪ್ರಕಟಿಸಿದ ಅವನ ಆತ್ಮಕಥೆಯಲ್ಲಿ ಈ ಭಾಗ ಓದುವಾಗ ಅವನ ದುಃಖ ನಾಟಕವೆನಿಸುವುದಿಲ್ಲ. ಸಾಕಿದ ಹುಡುಗನನ್ನು ಕಳೆದುಕೊಂಡವನ ನೋವೇ ಅದು. ಆದರೆ ಹುಡುಗ ಏಕೆ ದಂಗೆಯೆದ್ದ ಎಂಬುದಕ್ಕೆ ಅವನ ಬಳಿ ಇದ್ದ ಉತ್ತರ ಒಂದೇ: ಸುತ್ತಲಿದ್ದವರು ಕಿವಿ ಊದಿದರು. ಹನ್ನೆರಡು ವರ್ಷ ಅದೇ ಸಂಸ್ಥಾನವನ್ನು ಆಳಿದ ತನ್ನ ಕೈಯೂ ಆ ಪದರಗಳಲ್ಲಿ ಎಲ್ಲೋ ಇರಬಹುದೇ ಎಂದು ಅವನು ಅಗೆದು ನೋಡಲಿಲ್ಲ. ಇಲ್ಲೂ ಕಾರಣ ಹೊರಗಿನಿಂದಲೇ ಬಂತು, ಜೇವರ್ಗಿಯ ಸಮಾಧಿಗೆ ಸಿಥಿಯನ್ನರು ಬಂದ ಹಾಗೆ.