ಒತ್ತಿನಲ್ಲಿದೆ ಒಯ್ಯಾರ

ಲಗ್ನಪತ್ರಿಕೆಗೋ ಅಂಗಡಿ ಬೋರ್ಡಿಗೋ ಆರಿಸಿದ ಅಲಂಕಾರದ ಕನ್ನಡ ಫಾಂಟನ್ನು ಸವಿಯಲು ಕಲಿಯಬೇಕೆಂದರೆ ಎರಡು ಊರಿನ ಹೆಸರು ಸಾಕು. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅರಿಕುಠಾರಕ್ಕೆ ತಮ್ಮ ತಂದೆಯ ಹೆಸರಿಟ್ಟರು. ಹಾಗೆ ಬಂದ ‘ಚಾಮರಾಜನಗರ’ದಲ್ಲಿ ಏಳು ಅಕ್ಷರಗಳಿವೆ, ಒಂದಕ್ಕೂ ಒತ್ತಿಲ್ಲ. ಇಲ್ಲಿ ಕಣ್ಣು ತಲೆಕಟ್ಟಿನ ಮೇಲಿರಲಿ. ಮ, ನ, ಗ, ರಗಳ ತಲೆಕಟ್ಟು ಒಂದೇ ಕೈಯಿಂದ ಮೂಡಿದಂತಿದೆಯೇ? ತಲೆಕಟ್ಟೇ ಇಲ್ಲದ ಜ ಅವುಗಳ ನಡುವೆ ಕುಗ್ಗದೆ ನಿಂತಿದೆಯೇ? ‘ಗುಂಡ್ಲುಪೇಟೆ’ ಇದಕ್ಕಿಂತ ಕಠಿಣ ಪರೀಕ್ಷೆ. ಸೊನ್ನೆ, ಕೊಂಬು, ಏತ್ವ, ಒತ್ತು ಎಲ್ಲವೂ ಅದರಲ್ಲಿವೆ. ‘ಡ್ಲು’ ಎನ್ನುವಾಗ ನಾಲಿಗೆ ಡಕಾರದಿಂದ ಲಕಾರಕ್ಕೆ, ಅಲ್ಲಿಂದ ಉಕಾರಕ್ಕೆ ಹೋಗುತ್ತದೆ. ಬರಹದಲ್ಲಾದರೋ ಲಕಾರ ಕೆಳಗಿಳಿದು ಒತ್ತಾಗುತ್ತದೆ, ಕೊಂಬು ಮೇಲೆ ಡಕಾರದ ಬಲಕ್ಕೇ ಅಂಟುತ್ತದೆ. ಈ ಇಳಿತದಲ್ಲೇ ಕನ್ನಡ ಲಿಪಿಯ ಒಯ್ಯಾರವಿದೆ. ಅಲಂಕಾರ ಹುಟ್ಟಬೇಕಾದ್ದೂ ಇಲ್ಲಿಂದಲೇ.

ಇಂಗ್ಲಿಷ್ ಕೂಡುಬರಹದಲ್ಲಿ ಒಂದಕ್ಷರದ ಬಾಲ ಮುಂದಿನ ಅಕ್ಷರದ ಕೈ ಹಿಡಿಯುತ್ತದೆ, ಸೊಗಸು ಅಡ್ಡಲಾಗಿ ಹರಿಯುತ್ತದೆ. ಕನ್ನಡದ ಅಕ್ಷರಗಳು ಬಿಡಿಬಿಡಿಯಾಗಿ ದುಂಡಗೆ ನಿಲ್ಲುವಂಥವು, ಇಲ್ಲಿ ಸೊಗಸು ಒತ್ತಾಗಿ ಕೆಳಗಿಳಿಯುತ್ತದೆ. ಇನ್ನು ಗೆರೆಯ ದಪ್ಪದ ಮಾತು. ಚಾಮರಾಜನಗರ ಸೀಮೆಯ ಕನಕಗಿರಿಯ ದೇವಚಂದ್ರ ‘ರಾಜಾವಳಿ ಕಥಾಸಾರ’ ರಚಿಸಿದ ಹತ್ತೊಂಬತ್ತನೇ ಶತಮಾನದಲ್ಲೂ ಓಲೆಗರಿ ಬಳಕೆಯಲ್ಲಿತ್ತು. ಗರಿಯ ಮೇಲೆ ಕಂಟ ಕೊರೆದ ಗೆರೆ ಬಹುಮಟ್ಟಿಗೆ ಒಂದೇ ದಪ್ಪ; ತೆಳುವು-ದಪ್ಪಗಳ ಲಯ ಬರುವುದು ಚಪ್ಪಟೆ ಮೊನೆಯ ಲೇಖನಿಯನ್ನು ಓರೆಯಾಗಿ ಹಿಡಿದಾಗ. ಆದ್ದರಿಂದ ಕ್ಯಾಲಿಗ್ರಫಿಯ ಫಾಂಟಿನಲ್ಲಿ ಆ ಓರೆ ಎಲ್ಲ ಅಕ್ಷರಗಳಲ್ಲೂ ಒಂದೇ ಆಗಿದೆಯೇ ಎಂದು ಹುಡುಕಬೇಕು. ದೊಡ್ಡ ಅಕ್ಷರದಲ್ಲಿರುವ ಲಯ ಪುಟ್ಟ ಒತ್ತಿನಲ್ಲಿ ತಪ್ಪಿದ್ದರೆ, ಅಕ್ಷರವನ್ನು ಬರೆದಿಲ್ಲ, ಕುಗ್ಗಿಸಿ ಅಂಟಿಸಿದ್ದಾರೆ ಎಂದೇ ಅರ್ಥ.

ಅಲಂಕಾರದ ಅಕ್ಷರ ನೋಡಲಿಕ್ಕಲ್ಲವೇ, ಓದಲು ಸ್ವಲ್ಪ ಕಷ್ಟವಾದರೇನು ಎಂದು ಕೇಳುವವರಿದ್ದಾರೆ. ಲಗ್ನಪತ್ರಿಕೆಯ ‘ವಧು’ವನ್ನೇ ನೋಡಿ. ದಕಾರವನ್ನು ಧಕಾರವಾಗಿಸುವುದು ಬುಡದ ಒಂದು ಸಣ್ಣ ಸೀಳು. ಬಳುಕಿನ ಮೋಹದಲ್ಲಿ ಅದು ಮುಚ್ಚಿಹೋದರೆ ಮದುವೆಮನೆಯ ಮುಖ್ಯ ಪದವೇ ತಪ್ಪುತ್ತದೆ. ಸೊಬಗು ಆ ಸೀಳನ್ನು ಇನ್ನಷ್ಟು ಎದ್ದು ಕಾಣಿಸಬೇಕಿತ್ತು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಕೈಬರಹದಲ್ಲಿ ಒಂದು ರ ಇನ್ನೊಂದರಂತಿರದು, ಫಾಂಟಿನಲ್ಲಿ ಎಲ್ಲವೂ ಒಂದೇ ಅಚ್ಚು, ಅದು ಹೇಗೆ ಕ್ಯಾಲಿಗ್ರಫಿಯಾದೀತು? ಹಳೆಯ ಫಾಂಟುಗಳ ಮಟ್ಟಿಗೆ ಈ ಮಾತು ಒಪ್ಪುವಂಥದ್ದೇ. ಆದರೆ ಯೂನಿಕೋಡ್ ಕಾಲದ ಓಪನ್‌ಟೈಪ್ ಫಾಂಟು ಒಂದೇ ಅಕ್ಷರಕ್ಕೆ ಹಲವು ರೂಪಗಳನ್ನು ಇಟ್ಟುಕೊಳ್ಳಬಲ್ಲದು, ಮೇಲಿನ ಅಕ್ಷರ ನೋಡಿ ಒತ್ತಿನ ಜಾಗ ಬದಲಿಸಬಲ್ಲದು. ‘ಚಾಮರಾಜನಗರ’ದ ನಡುವಿನ ರಾ ಸಂಯಮದಿಂದಿದ್ದು ಕೊನೆಯ ರ ಮಾತ್ರ ಬಾಲ ಚಾಚುವಂತೆ ಮಾಡಲು ಇಂದು ತಾಂತ್ರಿಕ ಅಡ್ಡಿಯಿಲ್ಲ; ಬೇಕಾದ್ದು ವಿನ್ಯಾಸಕರ ಶ್ರಮ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ, ಶೀರ್ಷಿಕೆಗಳಿಗೆಂದೇ ಇರುವ ‘ಅಕಾಯ’ದ ಕನ್ನಡ ಫಾಂಟು ಉಚಿತವಾಗಿ ಸಿಗುತ್ತದೆ. ಅದರಲ್ಲಿ ಎರಡೂ ಹೆಸರನ್ನು ಮೇಲೆ ಕೆಳಗೆ ದೊಡ್ಡದಾಗಿ ಟೈಪಿಸಿ ನೋಡಬಹುದು. ಗುಂಡ್ಲುಪೇಟೆಯನ್ನು ಮೇಲಿನ ಸಾಲಿನಲ್ಲಿಡಿ; ಡ್ಲುವಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗದಷ್ಟು ಜಾಗ ಬಿಡಿ.