ವಿದ್ವತ್ತೆಯ ಹೊಣೆ

ಚಿಕ್ಕಬಳ್ಳಾಪುರ ಜಿಲ್ಲೆ ನಾಡಿಗೆ ಇಬ್ಬರು ಪ್ರಾಧ್ಯಾಪಕರನ್ನಿತ್ತಿದೆ. ಹೊಸೂರಿನ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ ವಿಜ್ಞಾನವನ್ನು ಜನಸಾಮಾನ್ಯರ ಬಳಿಗೆ ತಂದರು. ಪ್ರಶ್ನಿಸದೆ ಒಪ್ಪಬಾರದೆಂದು ಕಲಿಸಿದರು. ಹಂಪಸಂದ್ರದ ಹಂಪ ನಾಗರಾಜಯ್ಯನವರು ಜೈನಪುರಾಣಗಳ ವಣಿಕಪುತ್ರ ಚಾರುದತ್ತನ ಕಥೆಯನ್ನು ‘ಚಾರುವಸಂತ’ವೆಂಬ ದೇಸಿಕಾವ್ಯವಾಗಿಸಿದರು.

ಪಾಠಾಂತರಗಳ ಅರಿವಿಲ್ಲದ ಓದುಗನೂ ಸಿರಿಯಳಿದ ಸೆಟ್ಟಿಯ ಪಾಡನ್ನು ಇಲ್ಲಿ ತನ್ನದೆಂದು ತಿಳಿಯುವನು. ಇದು ಹಿರಿಯ ಗುಣ. ಆದರೆ ಓದಿನ ಓಟದಲ್ಲಿ ಆಕರವಾವುದು, ಕವಿಕಲ್ಪನೆಯಾವುದು ಎಂಬ ಗಡಿ ಅಳಿಯುತ್ತದೆ; ಇದು ಕಥನಮಾರ್ಗದ ಮಿತಿ.

ಸರಳತೆ ದೋಷವಲ್ಲ. ಯಾವ ನಯದಿಂದ ನುಡಿಯುತ್ತಿದ್ದೇವೆಂದು ತಿಳಿಸದ ಸರಳತೆ ‘ಸ್ಯಾತ್’ ಪದದ ಮರ್ಯಾದೆಗೆ ಸಲ್ಲದು. ವಿದ್ವಾಂಸರನ್ನು ಉಪನ್ಯಾಸಕ್ಕೆ ಕರೆಯುವ ಬಸದಿಯ ಟ್ರಸ್ಟುಗಳು ಹಾರದ ಜೊತೆಗೆ ಶ್ರಾವಕರ ಪ್ರಶ್ನೆಗೂ ವೇಳೆಯಿಡಲಿ.